ಹೊರನಾಡಿಗೆ ಹೊರಟ ಜೀಪು, ಕಳಸದಲ್ಲಿ ಬಿಚ್ಚಿದ ಹೌಸಿಂಗು

ಮೊದಲ್ನೇ ದಿನ, ಶುಕ್ರವಾರ

ಆಯುಧಪೂಜೆ ಮುಗ್ದು ಇನ್ನೂ ವಾರ ಆಗಿರ್ಲಿಲ್ಲ, ಗಾಡಿ ಬಾನೆಟ್ ಮೇಲೆ ಬಳ್ದಿದ್ದ ವಿಭೂತಿ ಪಟ್ಟೆ ಹಂಗೇ ಇತ್ತು. ದಸರಾ ರಜೆ ಅಂತ ಮೇಷ್ಟ್ರು ಫ್ರೀ, ನಮ್ ಭಾಮೈದ ಬೆಂಗ್ಳೂರಿಂದ ಬಂದು ಮನೇಲಿ ಬೋರ್ ಅಂತ ಕೂತಿದ್ದ, ಸರಿ ನಡೀರಿ ಹೊರನಾಡಿಗೆ ಹೋಗಿ ಬರೋಣ, ಹಂಗೇ ಕ್ಯಾತನಮಕ್ಕಿ ಗುಡ್ಡ ಹತ್ತಿ ಇಳಿಯೋಣ, ಭಾನುವಾರ ರಾತ್ರಿ ಮನೆ ಅಂತ ಲೆಕ್ಕ ಹಾಕಿ ಹಾಸನದಿಂದ ಬೆಳಿಗ್ಗೆ ಆರಕ್ಕೆ ಹೊರಟ್ವಿ. ಮೇಷ್ಟ್ರು ಅಂದ್ರೆ ನನ್ ಕ್ಲಾಸ್‌ಮೇಟೇ, ಹೈಸ್ಕೂಲಲ್ಲಿ ಗಣಿತ ಹೇಳ್ತಾನೆ, ಊರೋರೆಲ್ಲ ಮೇಷ್ಟ್ರು ಮೇಷ್ಟ್ರು ಅಂತಾರೆ ಅಂತ ನಾನೂ ಹಂಗೇ ಕರೆಯೋದು. ಹೊರಡೋವಾಗ ಅಮ್ಮ ಗೇಟ್ ಹತ್ರ ಬಂದು ಒಂದೇ ಮಾತು ಹೇಳಿದ್ದು, "ಅನ್ನಪೂರ್ಣೇಶ್ವರಿ ಕುಂಕುಮ ಮರೀಬೇಡ ಕಣಪ್ಪ, ಹೋದ್ಸಲ ಮರ್ತು ಬಂದಿದ್ದೆ."

ಗಾಡಿ ಬಗ್ಗೆ ಎರಡು ಮಾತು ಹೇಳ್ಬೇಕು ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. 1989ರ ಮಹೀಂದ್ರ ಎಂಎಂ 540 ಜೀಪು, ಪ್ಯೂಜೋ ಎಕ್ಸ್‌ಡಿಪಿ ಇಂಜಿನ್ನು, 2112 ಸಿಸಿ ಡೀಸೆಲ್. ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ಗೊಬ್ಬರ, ಮೆಣಸಿನ ಚೀಲ, ಆಳುಗಳು ಎಲ್ಲಾ ಹೊತ್ತು ಹೊತ್ತು ಸವೆದಿದ್ದನ್ನ ನಾನು ತಗೊಂಡು ಆರು ವರ್ಷ ಆಯ್ತು. ಬಲ ಚೆನ್ನಾಗಿದೆ, ಸದ್ದೂ ಅಷ್ಟೇ ಚೆನ್ನಾಗಿದೆ, ಒಳಗೆ ಕೂತು ಮಾತಾಡ್ಬೇಕಂದ್ರೆ ಕಿರುಚ್ಬೇಕು. ಈ ಸದ್ದೇ ನನ್ನ ಹಾಳು ಮಾಡಿದ್ದು ಅಂದ್ರೂ ತಪ್ಪಿಲ್ಲ, ಯಾಕಂದ್ರೆ ಒಂದು ಹೊಸ ಸದ್ದು ಬಂದಾಗ ಹಳೇ ಸದ್ದಿನ ಜೊತೆ ಸೇರ್ಕೊಂಡು ಗೊತ್ತಾಗಲ್ಲ. ಗೊತ್ತಾದ್ರೂ ಗೊತ್ತಾಗಿಲ್ಲ ಅನ್ಕೋಬಹುದು.

ಬೇಲೂರು ದಾಟಿ ಮೂಡಿಗೆರೆ ಕಡೆ ತಿರುವುಗಳು ಶುರುವಾದ್ಮೇಲೆ ಹಿಂದಿನಿಂದ ಕಟ್ ಕಟ್ ಕಟ್ ಅಂತ. ನೇರ ರಸ್ತೇಲಿ ಏನೂ ಇಲ್ಲ, ಸ್ಟೇರಿಂಗ್ ತಿರುಗ್ಸಿದ್ರೆ ಮಾತ್ರ. ಭಾಮೈದ ಹಿಂದಿನ ಸೀಟಲ್ಲಿ ಹೌಸಿಂಗ್ ಮೇಲೇ, ಅಂದ್ರೆ ಹಿಂದಿನ ಎರಡು ಚಕ್ರದ ನಡುವೆ ಗೇರು ಆಯಿಲ್ಲು ಇರೋ ಕಬ್ಬಿಣದ ಗೂಡಿನ ಮೇಲೇ, ಕೂತಂಗೆ ಕೂತಿದ್ದ, "ಭಾವ, ಏನೋ ಕಡಿತಾ ಇದೆ ಕೆಳಗೆ" ಅಂದ. ಜ್ಯಾಕ್ ಇರ್ಬೇಕು ಅಲ್ಲಾಡ್ತಿದೆ ಅಂದೆ ನಾನು. ಅದು ಜ್ಯಾಕ್ ಅಲ್ಲ ಅಂತ ನನಗೂ ಗೊತ್ತಿತ್ತು. ಜುಲೈನಲ್ಲಿ ಸ್ನೇಹಿತರ ತೋಟದಲ್ಲಿ ಹಳ್ಳ ದಾಟಿಸಿದ್ದೆ, ಸೊಂಟದವರೆಗೂ ನೀರು, ಆಮೇಲೆ ಆಗಸ್ಟಲ್ಲಿ ಹೌಸಿಂಗಿನ ಲೆವೆಲ್ ಪ್ಲಗ್ ಬಿಚ್ಚಿ ಬೆರಳು ಹಾಕಿ ನೋಡಿದ್ರೆ ಆಯಿಲ್ಲು ಹಾಲು ಹಾಕಿದ ಕಾಫಿ ಥರ ಬೆಳ್ಳಗೆ. ನೀರು ಸೇರಿದೆ, ಬದಲಾಯಿಸ್ಬೇಕು, ಮುಂದಿನ ತಿಂಗಳು ಮಾಡೋಣ ಅಂತ ಪ್ಲಗ್ ಹಾಕಿ ಕೈ ಒರೆಸ್ಕೊಂಡೆ. ಮುಂದಿನ ತಿಂಗಳು ಅನ್ನೋದು ಮುಂದಕ್ಕೇ ಹೋಗ್ತಾ ಇತ್ತು.

ಕೊಟ್ಟಿಗೆಹಾರದಲ್ಲಿ ನೀರ್ ದೋಸೆ, ಹೊರಗೆ ಮಂಜು. ಅಲ್ಲಿಂದ ಎಡಕ್ಕೆ ಹೋದ್ರೆ ಚಾರ್ಮಾಡಿ, ನಾವು ಕಳಸದ ದಾರಿ ಹಿಡಿದ್ವಿ. ಆ ದಾರಿ ಪೂರ್ತಿ ತಿರುವೇ, ಆ ಸದ್ದೂ ಪೂರ್ತಿ ನಮ್ ಜೊತೆಗೇ ಬಂತು. ಸಂಜೆ ಕಳಸದಲ್ಲಿ ರೂಮು, ಕಳಸೇಶ್ವರನ ಮೆಟ್ಟಿಲು ಹತ್ತಿ ಕೈಮುಗಿದು ಊಟ ಮಾಡಿ ಮಲಗಿದ್ವಿ.

ಎರಡನೇ ದಿನ, ಶನಿವಾರ

ಹೆಬ್ಬಾಳೆ ಸೇತುವೆ ದಾಟೋವಾಗ ಭದ್ರಾ ತುಂಬಿ ಹರೀತಿತ್ತು, ಮಳೆಗಾಲದಲ್ಲಿ ಈ ಸೇತುವೆ ಮುಳುಗಿ ಹೊರನಾಡಿನ ಸಂಪರ್ಕ ತಪ್ಪಿತು ಅಂತ ಪೇಪರಲ್ಲಿ ಬರ್ತಿದ್ದದ್ದು ನೆನಪಿರಬೇಕು. ಹೊರನಾಡಲ್ಲಿ ದರ್ಶನ ಬೇಗ ಆಯ್ತು. ಮೊದಲು ಕುಂಕುಮದ ಪೊಟ್ಟಣ ತಗೊಂಡು ಶರ್ಟ್ ಜೇಬಿಗೆ ಹಾಕ್ಕೊಂಡೆ, ಬೇರೆ ಏನು ಮರೆತ್ರೂ ಇದು ಮರೆಯೋ ಹಾಗಿಲ್ಲ. ಮಧ್ಯಾಹ್ನ ಅಲ್ಲೇ ಊಟ, ಅನ್ನ ಸಾರು ಪಾಯಸ, ಹೊಟ್ಟೆ ಬಿರಿಯೋ ಅಷ್ಟು ತಿಂದು ಗುಡ್ಡ ಹತ್ತೋಕೆ ಹೊರಟ್ವಿ.

ಆ ಗುಡ್ಡಕ್ಕೆ ಅಲ್ಲಿಯ ಬಾಡಿಗೆ ಜೀಪಿನವ್ರು ದಿನಾ ಹತ್ತಿ ಇಳೀತಾರೆ. ಅವ್ರಿಗೆ ಯಾವ ಕಲ್ಲು ಎಲ್ಲಿದೆ ಅಂತ ಕಣ್ಣು ಮುಚ್ಚಿದ್ರೂ ಗೊತ್ತು. ನಮ್ಗೆ ಗೊತ್ತಿಲ್ಲ. ಮಳೆ ನಿಂತು ಎರಡು ದಿನ ಆಗಿದ್ರೂ ದಾರಿ ಕೆಮ್ಮಣ್ಣಿನ ಪಾಯಸ ಆಗಿತ್ತು. ಕೆಳಗಿಳ್ದು ಮುಂದಿನ ಎರಡೂ ಚಕ್ರದ ನಡುವೆ ಇರೋ ಹಬ್ ಕೈಯಲ್ಲಿ ತಿರುಗ್ಸಿ ಲಾಕ್ ಮಾಡಿದ್ರೆ ಮಾತ್ರ ನನ್ ಗಾಡೀಲಿ ಫೋರ್ ವೀಲ್ ಕೆಲಸ ಮಾಡೋದು. ಹೊಸ ಚಪ್ಲಿ ಹಾಕ್ಕೊಂಡಿದ್ದೆ, ಆ ಕೆಸರಲ್ಲಿ ಯಾರು ಇಳೀತಾರೆ ಅಂತ ಸೋಮಾರಿತನ. ಮೇಷ್ಟ್ರಿಗೆ ಹೇಳಿದ್ರೆ ಅವನು ಪಂಚೆ ಉಟ್ಟಿದ್ದ. ಇಷ್ಟು ಬಲ ಇರೋ ಗಾಡಿ, ಹಿಂದಿನ ಚಕ್ರದಲ್ಲೇ ಹತ್ತುತ್ತೆ ಬಿಡು ಅಂತ ಬಿಟ್ಟೆ.

ಮೂರನೇ ತಿರುವಲ್ಲಿ ಎಡಗಡೆ ಹಿಂದಿನ ಚಕ್ರ ಗುಂಡಿಗೆ ಬಿತ್ತು, ಬಲಗಡೆದು ಕಲ್ಲಿನ ಮೇಲೆ. ಎಡಗಡೆದು ಸುತ್ತುತ್ತೆ, ಬಲಗಡೆದು ಅಲ್ಲಾಡಲ್ಲ. ಡಿಫರೆನ್ಷಿಯಲ್ಲಿನ ಕೆಲಸವೇ ಅದು, ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ಸುತ್ತಬೇಕು ಒಳಗಿಂದು ಕಮ್ಮಿ, ಅದಕ್ಕೆ ಮಧ್ಯದಲ್ಲಿ ಒಂದು ಪಿನ್ನಿಗೆ ಪೋಣಿಸಿರೋ ಚಿಕ್ಕ ಗೇರು ಇರ್ತವೆ, ನಮ್ ಕಡೆ ಸ್ಟಾರ್ ಪಿನಿಯನ್ ಅಂತಾರೆ, ನೇರ ರಸ್ತೇಲಿ ಅವು ತಮ್ ಪಾಡಿಗೆ ಸುಮ್ನೆ ಕೂತಿರ್ತವೆ, ತಿರುವಲ್ಲಿ ಅಷ್ಟಿಷ್ಟು ತಿರುಗ್ತವೆ. ಒಂದು ಚಕ್ರ ನಿಂತು ಇನ್ನೊಂದು ಸುತ್ತಿದ್ರೆ ಮಾತ್ರ ಅವಕ್ಕೆ ಗ್ರಹಚಾರ, ಸುತ್ತೋ ಚಕ್ರ ಮಾಮೂಲಿಗಿಂತ ಎರಡು ಪಟ್ಟು ಸ್ಪೀಡಲ್ಲಿ ಸುತ್ತುತ್ತೆ, ಆ ಚಿಕ್ಕ ಗೇರು ಪಿನ್ನಿನ ಮೇಲೆ ಬುಗುರಿ ಥರ. ಒಳ್ಳೇ ಆಯಿಲ್ ಇದ್ರೆ ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ, ಹಾಲು ಕಾಫಿ ಇದ್ರೆ ಎಷ್ಟು ತಡೆಯುತ್ತೆ ಹೇಳಿ. ಹಿಂದೆ ಬಾಡಿಗೆ ಜೀಪುಗಳು ಕಾಯ್ತಾ ಇವೆ, ಹಾರ್ನ್ ಬೇರೆ, ನಾನು ಮರ್ಯಾದೆ ಹೋಗುತ್ತೆ ಅಂತ ಫುಲ್ ಆಕ್ಸಿಲರೇಟರ್ ಒತ್ತಿದೆ. ಕೆಸರು ಹಿಂದಿನ ಜೀಪಿನ ಗ್ಲಾಸಿಗೆ ರಂಗೋಲಿ ಹಾಕ್ತು. ಚಕ್ರ ಸುತ್ತೀ ಸುತ್ತೀ ಸುತ್ತೀ ಗುಂಡಿ ತಳದಲ್ಲಿದ್ದ ಕಲ್ಲಿಗೆ ಸಿಕ್ಕಿ ಒಂದೇ ಸಲ ಹಿಡೀತು.

ಢಂ.

ತೆಂಗಿನಕಾಯಿ ಒಡೆದ ಸದ್ದಲ್ಲ, ಅದಕ್ಕಿಂತ ಗಟ್ಟಿ, ಸೀಟಿನ ಕೆಳಗಿಂದ ಬೆನ್ನುಮೂಳೆಗೆ ನೇರ ಬಂತು. ಆಮೇಲೆ ಕಟರ್ ಅಂತ ಒಂದು ಸದ್ದು, ಇಂಜಿನ್ ಆಫ್. ಭಾಮೈದ ಮೆಲ್ಲಗೆ, "ಭಾವ, ಜ್ಯಾಕ್ ಮುರೀತು ಅನ್ಸುತ್ತೆ" ಅಂದ. ಅವನಿಗೆ ಆ ಹೊತ್ತಲ್ಲೂ ತಮಾಷೆ.

ಸ್ಟಾರ್ಟ್ ಮಾಡಿ ಫಸ್ಟ್ ಹಾಕಿದ್ರೆ ಇಂಜಿನ್ ಕೂತ್ಕೊಳ್ಳುತ್ತೆ, ರಿವರ್ಸ್ ಹಾಕಿದ್ರೂ ಅದೇ ಕಥೆ, ಹಿಂದಿನ ಚಕ್ರ ಎರಡೂ ಬೀಗ ಹಾಕ್ದಂಗೆ. ಮುರಿದ ಚೂರು ಕ್ರೌನಿಗೂ ಪಿನಿಯನ್ನಿಗೂ ಮಧ್ಯ ಸಿಕ್ಕಾಕ್ಕೊಂಡಿತ್ತು ಅಂತ ಮಾರನೇ ದಿನ ಗೊತ್ತಾಗಿದ್ದು, ಕ್ರೌನ್ ಅಂದ್ರೆ ಹೌಸಿಂಗ್ ಒಳಗಿನ ದೊಡ್ಡ ಗೇರು, ಪಿನಿಯನ್ ಅಂದ್ರೆ ಅದನ್ನ ತಿರುಗ್ಸೋ ಚಿಕ್ಕ ಗೇರು, ಸ್ಟಾರ್ ಬೇರೆ ಇದು ಬೇರೆ. ಹಿಂದಿನ ಜೀಪಿನ ಡ್ರೈವರ್, ಇಪ್ಪತ್ತೈದು ವರ್ಷದ ಹುಡುಗ, ಗ್ಲಾಸ್ ಒರೆಸ್ಕೊಂಡು ಇಳ್ದು ಬಂದು ಕೆಳಗೆ ಬಗ್ಗಿ ನೋಡಿ, "ಎಂಥದು ಮಾರಾಯ್ರೆ, ಹಬ್ ಲಾಕೇ ಮಾಡ್ಲಿಲ್ವಾ ನೀವು?" ಅಂದ. ಅಷ್ಟೇ ಅಂದಿದ್ದು. ಬೈದಿದ್ರೆ ಪರವಾಗಿರ್ಲಿಲ್ಲ.

ಎಂಟು ಜೀಪು ಕ್ಯೂ ನಿಂತಿದ್ವು ಅಷ್ಟೊತ್ತಿಗೆ. ಟೂರಿಸ್ಟುಗಳು ಇಳ್ದು ನಮ್ ಫೋಟೋ ತಗೊಂಡ್ರು, ವ್ಯೂ ಪಾಯಿಂಟ್ ಇಲ್ಲೇ ಅನ್ಕೊಂಡ್ರೋ ಏನೋ. ಡ್ರೈವರುಗಳೇ ಸೇರಿ ಎರಡು ಜೀಪಿಗೆ ಹಗ್ಗ ಕಟ್ಟಿ ನಮ್ ಗಾಡೀನ ಅಡ್ಡಡ್ಡ ಎಳೆದು ಪಕ್ಕಕ್ಕೆ ಹಾಕಿದ್ರು, ಚಕ್ರ ಸುತ್ತದೇ ಹೋದ್ರೂ ಕೆಸರಲ್ಲಿ ಜಾರಿಕೊಂಡು ಬಂತು, ಕೆಸರಿಂದ ಆದ ಒಂದೇ ಉಪಕಾರ ಅದು. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ವಿ. ಆ ಹುಡುಗನೇ ಕಳಸದ ಒಬ್ರು ಗಾಡಿ ರಿಪೇರಿ ಮೇಸ್ತ್ರಿಗೆ ಫೋನ್ ಹಚ್ಚಿ ಕೊಟ್ಟ. ಮೇಸ್ತ್ರಿ ಕೇಳಿದ್ದು ಎರಡೇ ಪ್ರಶ್ನೆ. ತಿರುವಲ್ಲಿ ಸದ್ದು ಬರ್ತಿತ್ತಾ, ನೇರ ರಸ್ತೇಲಾ? ತಿರುವಲ್ಲಿ ಅಂದೆ. ಎಷ್ಟು ದಿನದಿಂದ? ನಾನು ಸುಮ್ನಾದೆ. "ಆಯ್ತು, ನಾಳೆ ಬೆಳಿಗ್ಗೆ ಬರ್ತೇನೆ, ಗಾಡಿ ಅಲುಗಾಡಿಸಬೇಡಿ" ಅಂತ ಇಟ್ರು. ಗೂಂ ಅಂತ ನೇರ ರಸ್ತೇಲಿ ಬಂದ್ರೆ ಕ್ರೌನ್ ಪಿನಿಯನ್ನು, ಕಟ್ ಕಟ್ ಅಂತ ತಿರುವಲ್ಲಿ ಬಂದ್ರೆ ಸ್ಟಾರು, ಅವ್ರ ಲೆಕ್ಕ ಇದು.

ಮೂರನೇ ದಿನ, ಭಾನುವಾರ

ಭಾಮೈದನಿಗೆ ಸೋಮವಾರ ಆಫೀಸು, ಬೆಳಿಗ್ಗೆ ಬಸ್ ಹತ್ತಿ ಹೋದ. ಹೋಗೋವಾಗ "ಅಕ್ಕನಿಗೆ ಏನ್ ಹೇಳ್ಲಿ ಭಾವ?" ಅಂದ, ಮಳೆ ಅಂತ ಹೇಳು ಅಂದೆ. ಆಕಾಶ ಸ್ವಚ್ಛ ನೀಲಿ.

ಮೇಸ್ತ್ರಿ ಬಂದ್ರು, ಅರವತ್ತರ ಹತ್ರ ವಯಸ್ಸು, ಜೊತೆಗೊಬ್ಬ ಹುಡುಗ, ಎರಡು ಗೋಣಿಚೀಲ, ಒಂದು ಬಾಂಡ್ಲಿ, ಒಂದು ಹಳೇ ಸ್ಪೀಕರಿಂದ ಕಿತ್ತ ಅಯಸ್ಕಾಂತಕ್ಕೆ ಉದ್ದ ತಂತಿ ಕಟ್ಟಿದ್ದು. ನನ್ ಸ್ಪ್ಯಾನರ್ ಸೆಟ್ ನಾನೂ ಹೆಮ್ಮೆಯಿಂದ ತೆಗೆದೆ, ನೋಡಿ ನಕ್ಕು, "ಇದು ಇಂಜಿನ್ನಿಗೆ ಆಗ್ತದೆ, ಹಿಂದಿಂದಕ್ಕೆ ಇಂಚಿಂದು ಬೇಕು" ಅಂದ್ರು. ಫ್ರಾನ್ಸಿನ ಇಂಜಿನ್ನಿಗೆ ಮಿಲಿಮೀಟರ್ ಲೆಕ್ಕ, ಅಮೆರಿಕದ ಹೌಸಿಂಗಿಗೆ ಇಂಚಿನ ಲೆಕ್ಕ, ಒಂದೇ ಗಾಡೀಲಿ ಎರಡು ಸಂಸಾರ.

ಮೊದಲು ಹಿಂದಿನ ಪ್ರೊಪೆಲ್ಲರ್ ಶಾಫ್ಟ್, ಅಂದ್ರೆ ಇಂಜಿನ್ ಬಲ ಹೌಸಿಂಗಿಗೆ ತರೋ ಉದ್ದ ಕೊಳವೆ, ಬಿಚ್ಚಿ ಪಕ್ಕಕ್ಕಿಟ್ರು. ಆಮೇಲೆ ಹೌಸಿಂಗಿನ ಹಿಂದಿನ ಕವರ್ರು, ಹತ್ತು ಬೋಲ್ಟು. ಕೆಳಗಿನ ಬೋಲ್ಟು ಸಡಿಲ ಮಾಡ್ತಿದ್ದಂಗೆ ಬಾಂಡ್ಲಿಗೆ ಸುರೀತು ನೋಡಿ, ನನಗೆ ನಾಚಿಕೆ ಆಯ್ತು. ಆಯಿಲ್ಲೇ ಅಲ್ಲ ಅದು, ಬೆಳ್ಳಗೆ ನೊರೆ ನೊರೆ, ಅದರೊಳಗೆ ಬೆಳ್ಳಿ ಪುಡಿ ಕಲಸಿದಂಗೆ ಹೊಳೀತಾ ಇದೆ. ಮೇಸ್ತ್ರಿ ಬೆರಳಲ್ಲಿ ತಗೊಂಡು ಉಜ್ಜಿ ಬಿಸಿಲಿಗೆ ಹಿಡಿದು ನನ್ನ ಮುಖ ನೋಡಿದ್ರು, ಏನೂ ಅನ್ನಲಿಲ್ಲ. ಆ ಹುಡುಗ ಮಾತ್ರ "ಸಾರ್, ಇದಕ್ಕೆ ಸಕ್ಕರೆ ಹಾಕೋದೊಂದು ಬಾಕಿ" ಅಂದ.

ಕವರ್ ತೆಗೆದ್ಮೇಲೆ ನೋಡಿದ್ರೆ ಎರಡು ಸ್ಟಾರಲ್ಲಿ ಒಂದಕ್ಕೆ ಮೂರು ಹಲ್ಲಿಲ್ಲ, ಪಿನ್ನು ಸುಟ್ಟು ನೀಲಿ ಬಣ್ಣಕ್ಕೆ ತಿರುಗಿದೆ, ಕ್ರೌನಲ್ಲಿ ಒಂದು ಹಲ್ಲಿನ ಮೂಲೆ ಹಾರಿದೆ, ಪಿನಿಯನ್ನಿಗೂ ಗಾಯ. ಪಕ್ಕದಲ್ಲೇ ಒಂದು ಹಲ್ಲು ಅಡ್ಡ ಬಿದ್ದು ಕಚ್ಕೊಂಡಿತ್ತು, ಉಳಿ ಕೊಟ್ಟು ಎರಡೇಟು ಹಾಕಿದ್ಮೇಲೆ ಬಿಡ್ತು, ಚಕ್ರ ತಿರುಗೋಕೆ ಶುರುವಾಯ್ತು. ಇಲ್ಲಿಂದ ಶುರು ಮೇಸ್ತ್ರಿ ಲೆಕ್ಕ. ಗೋಣಿಚೀಲ ಹಾಸಿ ಅದರ ಮೇಲೆ ಸಿಕ್ಕಿದ ಒಂದೊಂದೇ ಚೂರು ಒರೆಸಿ ಸಾಲಾಗಿ ಇಟ್ರು, ಮಕ್ಕಳ ಹಾಲುಹಲ್ಲು ಇಟ್ಟಂಗೆ. ಮುರಿದಿರೋ ಜಾಗಕ್ಕೆ ಚೂರು ಹಿಡಿದು ಕೂಡುತ್ತಾ ಅಂತ ನೋಡೋದು. ಸ್ಟಾರಿನ ಎರಡು ಹಲ್ಲು ಸಿಕ್ತು, ಕ್ರೌನಿನ ಮೂಲೆ ಸಿಕ್ತು. ಇನ್ನೊಂದು ಹಲ್ಲು ಇಲ್ಲ. ನಾನು ಅಂದೆ ಬಿಡಿ ಮೇಸ್ತ್ರಿ, ಪುಡಿ ಆಗಿರಬೇಕು. "ಬಿಟ್ರೆ ಅದು ನಮ್ಮನ್ನ ಬಿಡುದಿಲ್ಲ, ಹೋಗ್ತಾ ದಾರೀಲಿ ಮತ್ತೆ ಬಂದು ಸಿಕ್ಕಿಕೊಳ್ತದೆ" ಅಂತ ಅಯಸ್ಕಾಂತದ ತಂತಿ ಬಗ್ಗಿಸಿ ಎಕ್ಸೆಲ್ ಹೋಗೋ ಕೊಳವೆ ಒಳಗೆ ಬಿಟ್ಟು ಮೀನು ಹಿಡಿಯೋರ ಥರ ಕೂತ್ರು. ಬಲಗಡೆ ಏನಿಲ್ಲ. ಎಡಗಡೆ ಮುಕ್ಕಾಲು ಗಂಟೆ. ಕೊನೆಗೆ ಟಿಕ್ ಅಂತು. ಗೋಡಂಬಿ ಗಾತ್ರದ ಹಲ್ಲು, ಒಂದು ಕಡೆ ಕನ್ನಡಿ ಥರ ನಯ, ಮುರಿದ ಕಡೆ ಬೂದಿ ಬಣ್ಣದ ತರಿ ತರಿ. ಇವತ್ತಿಗೂ ನನ್ ಡ್ರಾಯರಲ್ಲಿದೆ ಅದು.

ಇನ್ನು ಕೆಳಗಿಳಿಸೋದು ಹೆಂಗೆ. ಹಿಂದಿನ ಶಾಫ್ಟ್ ಬಿಚ್ಚಿಟ್ಟಿದ್ದೀವಿ, ಹಿಂದಿನ ಚಕ್ರ ತಳ್ಳುಗಾಡಿ ಚಕ್ರ ಇದ್ದಂಗೆ, ಸುಮ್ನೆ ಉರುಳ್ತವೆ. ಮುಂದಿನ ಹಬ್ ಲಾಕ್ ಮಾಡಿ ಫೋರ್ ವೀಲ್ ಲಿವರ್ ಹಾಕಿದ್ರೆ ಮುಂದಿನ ಎರಡೇ ಚಕ್ರ ಎಳೀತವೆ. ನಿನ್ನೆ ಮಾಡಬೇಕಿದ್ದ ಕೆಲಸ ಇವತ್ತು, ಕೆಸರಲ್ಲಿ ಇಳ್ದು ಲಾಕ್ ಮಾಡಿದೆ. ಕವರಿಗೆ ರಟ್ಟಿನ ಪ್ಯಾಕಿಂಗ್ ಕತ್ತರಿಸಿ, ಅನಾಬಾಂಡ್ ಅಂಟು ಹಚ್ಚಿ ಕೂರಿಸಿ, ಬೇರಿಂಗ್ ಒಣಗಬಾರದು ಅಂತ ಎರಡು ಲೀಟರ್ 90ರ ಗೇರ್ ಆಯಿಲ್ ಸುರಿದ್ರು. ಮೇಸ್ತ್ರಿ ಎರಡು ಕಂಡೀಷನ್ ಹಾಕಿದ್ರು. ಸ್ಟೇರಿಂಗ್ ಪೂರ್ತಿ ಕಟ್ ಮಾಡಿ ಆಕ್ಸಿಲರೇಟರ್ ಕೊಡಬಾರದು, ಮುಂದಿನ ಎಕ್ಸೆಲ್ಲಿನ ಕ್ರಾಸ್, ಅಂದ್ರೆ ಚಕ್ರ ತಿರುಗಿದಾಗ ಬಾಗೋ ಕೀಲು, ಹೋದ್ರೆ ಆಮೇಲೆ ಎತ್ತಿನಗಾಡೀನೇ ಗತಿ. ಇಳಿಜಾರಲ್ಲಿ ಲೋ ಗೇರಿಂದ ತೆಗೀಬಾರದು.

ಇಳಿಜಾರು ಸಲೀಸು. ಮಧ್ಯ ಒಂದು ಕಡೆ ಮಾತ್ರ ದಾರಿ ಇಳ್ದು ಮತ್ತೆ ಒಂದು ಐವತ್ತು ಅಡಿ ಏರುತ್ತೆ, ಅಲ್ಲಿ ನಿಂತ್ವಿ. ಏರಲ್ಲಿ ಗಾಡಿ ಭಾರ ಹಿಂದಕ್ಕೆ ಹೋಗುತ್ತೆ, ಮುಂದಿನ ಚಕ್ರ ಹಗುರ ಆಗಿ ಸುಮ್ನೆ ಕೆರೀತಾ ಇದೆ. ಬಾನೆಟ್ ಮೇಲೆ ಮೇಷ್ಟ್ರನ್ನ ಕೂರಿಸಿದ್ವಿ, ಸಾಲಲಿಲ್ಲ. ಮೇಸ್ತ್ರಿ ಯೋಚ್ನೆ ಮಾಡಿ "ತಿರುಗಿಸಿ, ರಿವರ್ಸಲ್ಲಿ ಹತ್ತಿಸಿ" ಅಂದ್ರು. ಹೌದಲ್ಲ! ಹಿಂದುಮುಂದಾಗಿ ಹತ್ತಿದ್ರೆ ಮುಂದಿನ ಚಕ್ರ ಕೆಳಗಡೆ ಇರುತ್ತೆ, ಭಾರ ಪೂರ್ತಿ ಅದರ ಮೇಲೆ, ಅಲ್ಲಿಂದ ಮೇಲಕ್ಕೆ ತಳ್ಳುತ್ತೆ. ತಿರುಗ್ಸೋಕೇ ಕಾಲು ಗಂಟೆ ಆಯ್ತು. ಆಮೇಲೆ ನಾನು ಕತ್ತು ಹಿಂದಕ್ಕೆ ತಿರುಚ್ಕೊಂಡು, ಲೋ ರಿವರ್ಸಲ್ಲಿ, ಐವತ್ತು ಅಡಿ. ಎದುರಿಗೆ ಬರ್ತಿದ್ದ ಬಾಡಿಗೆ ಜೀಪಿನವ್ರು ನಿಲ್ಲಿಸಿ ಜಾಗ ಕೊಟ್ರು, ಅದರಲ್ಲಿ ನಿನ್ನೆಯ ಹುಡುಗನೂ ಇದ್ದ, ಹೆಬ್ಬೆರಳು ಎತ್ತಿ ತೋರಿಸ್ದ. ತಮಾಷೆಗೋ ನಿಜಕ್ಕೋ ಗೊತ್ತಾಗ್ಲಿಲ್ಲ. ಕಳಸದ ಗ್ಯಾರೇಜ್ ಮುಟ್ಟೋ ಹೊತ್ತಿಗೆ ಕತ್ತಲು.

ನಾಲ್ಕನೇ ದಿನ, ಸೋಮವಾರ

ಮೊದಲ ಬಸ್ಸಿಗೆ ನಾನೂ ಮೇಷ್ಟ್ರೂ ಚಿಕ್ಕಮಗಳೂರಿಗೆ, ಬಾಳೆಹೊನ್ನೂರು ಮೇಲೆ. ಹಾಳಾದ ಕ್ರೌನ್ ಪಿನಿಯನ್ನು ಬಿಚ್ಚಿ ಒರೆಸಿ ಕೊಟ್ಟಿದ್ರು ಮೇಸ್ತ್ರಿ, ಸ್ಯಾಂಪಲ್ಲಿಗೆ. ಕಂಡಕ್ಟರ್ ಚೀಲ ಎತ್ತಿ ನೋಡಿ "ಏನ್ರೀ ಇದು, ರುಬ್ಬೋಕಲ್ಲಾ?" ಅಂತ ಲಗೇಜ್ ಚಾರ್ಜ್ ಹಾಕಿದ.

ಮೇಷ್ಟ್ರು ಬಸ್ಸಲ್ಲೇ ತೊಡೆ ಮೇಲೆ ಪೇಪರ್ ಹಾಸಿ ಹಲ್ಲು ಎಣಿಸ್ದ. ಕ್ರೌನ್ 43, ಪಿನಿಯನ್ 8. ಪಿನಿಯನ್ 5.375 ಸುತ್ತು ಸುತ್ತಿದ್ರೆ ಕ್ರೌನ್ ಒಂದು ಸುತ್ತು. ಅಲ್ಲಿಗೇ ಬಿಟ್ನಾ, ಇಲ್ಲ. "ನೋಡೋ, 43ಕ್ಕೂ 8ಕ್ಕೂ ಸಾಮಾನ್ಯ ಅಪವರ್ತನ ಇಲ್ಲ, ಅದಕ್ಕೆ ಪಿನಿಯನ್ನಿನ ಪ್ರತಿ ಹಲ್ಲೂ ಕ್ರೌನಿನ ಪ್ರತಿ ಹಲ್ಲನ್ನೂ ಮುಟ್ಟುತ್ತೆ, ಕ್ರೌನ್ ಎಂಟು ಸುತ್ತು ಮುಗಿಸಿದ್ಮೇಲೇ ಅದೇ ಜೋಡಿ ಮತ್ತೆ ಸೇರೋದು, ಸವೆತ ಎಲ್ಲಾ ಹಲ್ಲಿಗೂ ಸಮ ಹಂಚಿ ಹೋಗುತ್ತೆ, 40ಕ್ಕೆ 8 ಇಟ್ಟಿದ್ರೆ ಒಂದು ಕೆಟ್ಟ ಹಲ್ಲು ಅದೇ ಐದು ಹಲ್ಲನ್ನ ಜೀವಮಾನ ಪೂರ್ತಿ ಕಚ್ತಿತ್ತು." ಪಕ್ಕದ ಸೀಟಿನ ಅಜ್ಜ ಬಾಯಿಬಿಟ್ಕೊಂಡು ಕೇಳ್ತಿದ್ರು. ಮಕ್ಕಳಿಗೆ ಲಸಾಅ ಹೇಳೋಕೆ ಇದನ್ನೇ ತಗೊಂಡು ಹೋಗ್ತೀನಿ ಅಂದ, ನಿಜವಾಗ್ಲೂ ಹಳೇ ಕ್ರೌನು ಈಗ ಅವನ ಸ್ಕೂಲಲ್ಲಿದೆ.

ಮೊದಲ್ನೇ ಅಂಗಡೀಲಿ ಇಲ್ಲ. ಎರಡನೇದರಲ್ಲೂ ಇಲ್ಲ. ಮೂರನೇದು ಹಳೇ ಸಾಮಾನಿನ ಅಂಗಡಿ, ಅವ್ರು ಒಂದು ಸೆಟ್ ತೆಗೆದು ಟೇಬಲ್ ಮೇಲೆ ಇಟ್ಟು "ಇದೇ, ಜೀಪಿಂದೇ, ಕಣ್ಣು ಮುಚ್ಚಿ ತಗೊಂಡ್ಹೋಗಿ" ಅಂದ್ರು. ನೋಡೋಕೆ ಅದೇ ಸೈಜು, ಅದೇ ಬೋಲ್ಟ್ ತೂತು. ಮೇಷ್ಟ್ರು ಎಣಿಸೋಕೆ ಶುರು ಮಾಡ್ದ, ಅಂಗಡಿಯವ್ರಿಗೆ ಸಿಟ್ಟು ಬಂತು. ಎಣಿಸಿದ್ರೆ 39ಕ್ಕೆ 8. ಅಂದ್ರೆ 4.875. ಹತ್ತಿರ ಹತ್ತಿರ ಅಲ್ವಾ ಏನಾಗುತ್ತೆ ಅಂತಾರೆ ಅವ್ರು. ಟೂ ವೀಲ್ ಗಾಡಿ ಆಗಿದ್ರೆ ಏನೂ ಆಗಲ್ಲ, ನನ್ ಗಾಡೀಲಿ ಮುಂದಿನ ಹೌಸಿಂಗಲ್ಲಿ 43-8 ಕೂತಿದೆ, ಹಿಂದೆ 39-8 ಹಾಕಿ ಫೋರ್ ವೀಲ್ ಹಾಕಿದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸ್ಪೀಡಲ್ಲಿ ಹತ್ತು ಪರ್ಸೆಂಟ್ ವ್ಯತ್ಯಾಸ. ಎರಡು ಎತ್ತಲ್ಲಿ ಒಂದು ನಡೀತಾ ಇನ್ನೊಂದು ಓಡ್ತಾ ಇದ್ದಂಗೆ, ನೊಗ ಮುರಿಯುತ್ತೆ, ಇಲ್ಲಿ ನೊಗ ಅಂದ್ರೆ ಟ್ರಾನ್ಸ್‌ಫರ್ ಕೇಸು, ಇಂಜಿನ್ ಬಲನ ಮುಂದಕ್ಕೂ ಹಿಂದಕ್ಕೂ ಹಂಚೋ ಗೇರ್ ಡಬ್ಬ. ಹಳೇ ಜೀಪ್ ತಗೊಳ್ಳೋರು ಇದನ್ನ ನೋಡೇ ತಗೋಬೇಕು, ಬಿಚ್ಚೋದೂ ಬೇಡ, ಹಿಂದಿನ ಒಂದು ಚಕ್ರ ಮಾತ್ರ ಜ್ಯಾಕಲ್ಲಿ ಎತ್ತಿ, ಗೇರ್ ನ್ಯೂಟ್ರಲ್ ಮಾಡಿ, ಉಳಿದ ಚಕ್ರಕ್ಕೆ ಕಲ್ಲು ಕೊಟ್ಟು, ಎತ್ತಿದ ಚಕ್ರ ಎರಡು ಸುತ್ತು ಸುತ್ತಿಸಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಎಣಿಸಿದ್ರೆ ಸಾಕು. ಮುಂದೇನೂ ಹಬ್ ಲಾಕ್ ಮಾಡಿ ಹಂಗೇ ನೋಡ್ಬೇಕು. ಎರಡೂ ಲೆಕ್ಕ ಒಂದೇ ಬರ್ಬೇಕು.

ಐದನೇ ಅಂಗಡೀಲಿ ಅಟ್ಟದ ಮೇಲಿಂದ ಒಂದು ರಟ್ಟಿನ ಡಬ್ಬ ಇಳಿಸಿದ್ರು, ಧೂಳು ಊದಿದ್ರೆ ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ್ದು, 43-8, ಹೊಸದು. ಕ್ರೌನ್ ಮೇಲೂ ಪಿನಿಯನ್ ಮೇಲೂ ಕೆತ್ತಿರೋ ನಂಬರ್ ಒಂದೇ ಇದೆಯಾ ನೋಡ್ಕೊಂಡ್ವಿ, ಇವೆರಡನ್ನೂ ಫ್ಯಾಕ್ಟರೀಲಿ ಜೊತೆಗೆ ಉಜ್ಜಿ ಜೋಡಿ ಮಾಡಿರ್ತಾರೆ, ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ಗೂಂ ಅಂತಾನೇ ಇರುತ್ತೆ. ಸ್ಟಾರ್ ಕಿಟ್ಟು, ಪಿನ್ನು, ನಾಲ್ಕು ಬೇರಿಂಗು, ಆಯಿಲ್ ಸೀಲು, ಶಿಮ್ಮುಗಳು ಅಂದ್ರೆ ಸಂದಿ ಸರಿ ಮಾಡೋಕೆ ಕೊಡೋ ತೆಳು ಲೋಹದ ಬಿಲ್ಲೆಗಳು. ಬಿಲ್ ನೋಡಿ ಮೇಷ್ಟ್ರು ಲೆಕ್ಕ ಹೇಳೋಕೆ ಹೋಗ್ಲಿಲ್ಲ, ಪುಣ್ಯಾತ್ಮ. ರಾತ್ರಿ ಒಂಬತ್ತಕ್ಕೆ ಕಳಸ.

ಐದನೇ ದಿನ, ಮಂಗಳವಾರ

ಬೆಳಿಗ್ಗೆ ಮೇಸ್ತ್ರಿ ಮೊದಲು ಕರೆದು ತೋರಿಸಿದ್ದು ಗೇರಲ್ಲ, ಹೌಸಿಂಗಿನ ಮೇಲಿರೋ ಕಿರುಬೆರಳಷ್ಟು ಬ್ರೀದರ್. ಅದರ ತೂತಲ್ಲಿ ಕುಂಬಾರ ಹುಳ ಮಣ್ಣು ತುಂಬಿ ಗೂಡು ಕಟ್ಟಿತ್ತು, ಕಡ್ಡಿ ಹಾಕಿ ಕಿತ್ರೆ ಒಳಗೆ ಒಣಗಿದ ಜೇಡದ ಕಾಲುಗಳು. ಓಡಿ ಬಂದ ಗಾಡೀಲಿ ಹೌಸಿಂಗ್ ಬಿಸಿ ಇರುತ್ತೆ, ಒಳಗಿನ ಗಾಳಿ ಹಿಗ್ಗಿರುತ್ತೆ, ಹಂಗೇ ತಣ್ಣೀರಿಗೆ ಇಳಿಸಿದ್ರೆ ಒಂದೇ ಸಲ ಕುಗ್ಗುತ್ತೆ. ಬ್ರೀದರ್ ತೆರೆದಿದ್ದು ಬಾಯಿ ನೀರಿಗಿಂತ ಮೇಲಿದ್ರೆ ಅಲ್ಲಿಂದ ಗಾಳಿ ಎಳ್ಕೊಳ್ಳುತ್ತೆ, ಮುಚ್ಚಿದ್ರೆ ಸೀಲಿನ ಸಂದಿಯಿಂದ ನೀರು ಎಳ್ಕೊಳ್ಳುತ್ತೆ. ನಾನು ಹಳ್ಳದಲ್ಲಿ ಗಾಡಿ ನಿಲ್ಲಿಸಿ ಫೋಟೋ ಬೇರೆ ತಗೊಂಡಿದ್ದೆ, ಅಷ್ಟೊತ್ತೂ ಅದು ನೀರು ಕುಡೀತಾ ಇತ್ತು. ಮೇಸ್ತ್ರಿ ಅದಕ್ಕೊಂದು ರಬ್ಬರ್ ಪೈಪ್ ಸಿಗಿಸಿ ಸೀಟಿನ ಹಿಂದೆ ಮೇಲಕ್ಕೆ ಕಟ್ಟಿದ್ರು.

ಆಮೇಲೆ ದೊಡ್ಡ ಕೆಲಸ. ಎರಡೂ ಎಕ್ಸೆಲ್ ಹೊರಗೆಳೆದು, ಬೇರಿಂಗ್ ಕ್ಯಾಪ್ ಬಿಚ್ಚಿ, ಡಿಫರೆನ್ಷಿಯಲ್ ಕೇಸನ್ನ ರಾಡ್ ಕೊಟ್ಟು ಹಿಂದಕ್ಕೆ ಮೀಟಿ ಭಾನುವಾರ ರಾತ್ರಿನೇ ತೆಗೆದಿದ್ರು, ಈಗ ಸೀಮೆಎಣ್ಣೇಲಿ ಹೌಸಿಂಗ್ ಮೂರು ಸಲ ತೊಳೆದ್ರು. ಹೊಸ ಪಿನಿಯನ್ನಿಗೆ ಮೊದಲು ಹಳೇ ಶಿಮ್ಮನ್ನೇ ಹಾಕಿ ಕೂರಿಸಿದ್ರು, ಬೇಕಿದ್ದಷ್ಟು ಮಾತ್ರ ಬದಲಾಯಿಸೋದು. ಕ್ರೌನು ಪಿನಿಯನ್ನಿನ ಮಧ್ಯದ ಆಟ, ಅಂದ್ರೆ ಹಲ್ಲು ಹಲ್ಲಿನ ನಡುವಿನ ಸಡಿಲ, 5ರಿಂದ 9 ಥೌ ಇರಬೇಕು, ಥೌ ಅಂದ್ರೆ ಇಂಚಿನ ಸಾವಿರ ಭಾಗದಲ್ಲಿ ಒಂದು ಭಾಗ. ಮೇಸ್ತ್ರಿ ಕ್ರೌನ್ ಹಿಡಿದು ಹಿಂದೆ ಮುಂದೆ ಟಕ್ ಟಕ್ ಅಂತ ಆಡಿಸಿ "ಏಳು" ಅಂದ್ರು. ಹಳೇ ಬನೀನಲ್ಲಿ ಸುತ್ತಿಟ್ಟಿದ್ದ ಡಯಲ್ ಗೇಜ್ ತಂದು ಇಟ್ಟು ನೋಡಿದ್ರೆ ಹನ್ನೆರಡು. ಹುಡುಗ ಮುಸಿ ಮುಸಿ ನಕ್ಕ. ಮೇಸ್ತ್ರಿನೂ ನಕ್ರು, "ಕೈಗೆ ವಯಸ್ಸಾಯ್ತು, ಗೇಜಿಗೆ ಆಗ್ಲಿಲ್ಲ." ಮತ್ತೆ ಬಿಚ್ಚಿದ್ರು, ಒಂದು ಕಡೆ ಶಿಮ್ ತೆಗೆದು ಇನ್ನೊಂದು ಕಡೆ ಹಾಕಿದ್ರು. ಎಂಟು.

ಈಗ ಹಲ್ಲು ಹಲ್ಲಿಗೆ ಎಲ್ಲಿ ತಾಗುತ್ತೆ ನೋಡಬೇಕು. ಅದಕ್ಕೆ ಹಲ್ಲಿಗೆ ಬಣ್ಣ ಹಚ್ಚಿ ತಿರುಗ್ಸೋದು, ಅವ್ರ ಹತ್ರ ಇದ್ದ ನೀಲಿ ಬಣ್ಣದ ಟ್ಯೂಬು ಕಲ್ಲಾಗಿತ್ತು. ಊರಲ್ಲಿ ಇನ್ನೆಲ್ಲೂ ಸಿಗಲ್ಲ. ಗ್ರೀಸಿಗೆ ಏನಾದ್ರೂ ಪುಡಿ ಕಲಸೋಣ ಅಂತ ಹುಡುಗ ಅರಿಶಿನ ಅಂದ, ಅದು ಕಾಣಲ್ಲ ಅಂದ್ರು. ನಾನು ಸುಮ್ನೆ ಬೆವರು ಒರೆಸ್ಕೊಳ್ಳೋಕೆ ಕರ್ಚೀಫ್ ಎಳೆದೆ, ಜೇಬಿಂದ ಕುಂಕುಮದ ಪೊಟ್ಟಣ ಬಿತ್ತು. ಮೂರು ದಿನದಿಂದ ಅದೇ ಶರ್ಟು ನಂದು. ಎಲ್ರೂ ಅದನ್ನೇ ನೋಡಿದ್ವಿ, ಯಾರೂ ಬಾಯಿ ಬಿಡಲಿಲ್ಲ. ಮೇಸ್ತ್ರಿ ನಿಧಾನಕ್ಕೆ, "ದೇವಸ್ಥಾನದ್ದು ಅಲ್ವಾ, ಬೇಡ ಮಾರಾಯ್ರೆ, ಅಂಗಡಿಯಿಂದ ತರಿಸುವ" ಅಂದ್ರು. ಮೇಷ್ಟ್ರು ಅಂದ, "ಆಯುಧಪೂಜೇಲಿ ಗಾಡಿ ಹೊರಗಡೆ ಹಚ್ತೀವಿ, ಇದು ಒಳಗಡೆ, ಅಷ್ಟೇ ವ್ಯತ್ಯಾಸ." ಆ ವಾದಕ್ಕೆ ಯಾರ ಹತ್ರನೂ ಉತ್ತರ ಇರ್ಲಿಲ್ಲ. ಅರ್ಧ ಪೊಟ್ಟಣ, ಎರಡು ಚಮಚ ಹರಳೆಣ್ಣೆ, ಬೆಣ್ಣೆ ಹದಕ್ಕೆ ಕಲಸಿ ಮೇಸ್ತ್ರಿ ಚಪ್ಲಿ ಬಿಟ್ಟು ಬ್ರಷ್ಷಲ್ಲಿ ಕ್ರೌನಿನ ಐದಾರು ಹಲ್ಲಿಗೆ ಹಚ್ಚಿದ್ರು. ಚಪ್ಲಿ ಬಿಟ್ಟಿದ್ದು ನಾನು ನೋಡ್ದೆ.

ಹುಡುಗ ಕ್ರೌನಿಗೆ ಮರದ ಪಟ್ಟಿ ಒತ್ತಿ ಬ್ರೇಕ್ ಹಿಡಿದ, ಮೇಸ್ತ್ರಿ ಪಿನಿಯನ್ ತಿರುಗಿಸಿದ್ರು. ಟಾರ್ಚ್ ಬಿಟ್ಟು ನೋಡಿದ್ರೆ ಕೆಂಪು ಹಲ್ಲಿನ ಮೇಲೆ ಬಾದಾಮಿ ಆಕಾರದಲ್ಲಿ ಒರೆಸಿಕೊಂಡು ಲೋಹ ಹೊಳೀತಿದೆ, ಆದ್ರೆ ಹಲ್ಲಿನ ತುದಿ ಕಡೆಗೆ. ತುದೀಲಿ ಬಿದ್ರೆ ಪಿನಿಯನ್ ದೂರ ಇದೆ, ಬುಡದಲ್ಲಿ ಬಿದ್ರೆ ಅತಿ ಹತ್ತಿರ. ಮತ್ತೆ ಎಲ್ಲಾ ಬಿಚ್ಚಿ, ಪಿನಿಯನ್ ಬೇರಿಂಗಿನ ಹಿಂದೆ ಒಂದು ತೆಳು ಶಿಮ್ ಸೇರಿಸಿ, ಮತ್ತೆ ಆಟ ನೋಡಿ, ಮತ್ತೆ ಕುಂಕುಮ. ಒಟ್ಟು ಮೂರು ಸಲ. ಮೂರನೇ ಸಲಕ್ಕೆ ಗುರುತು ಹಲ್ಲಿನ ನಟ್ಟ ನಡುವೆ ಬಿತ್ತು, ಹಣೆ ಮೇಲೆ ಇಟ್ಟಷ್ಟು ಸರಿಯಾಗಿ. ಮೇಸ್ತ್ರಿ ಏನೂ ಹೇಳದೆ ಎದ್ದು ಹೋಗಿ ಟೀ ಹೇಳಿದ್ರು. ಸಂಜೆ ಐದಾಗಿತ್ತು, ಮಧ್ಯಾಹ್ನ ಊಟ ಮಾಡಿಲ್ಲ ಅಂತ ಆಗ ನೆನಪಾಯ್ತು.

ಆರನೇ ದಿನ, ಬುಧವಾರ

90ರ ಆಯಿಲ್ ಲೆವೆಲ್ ತೂತಿಂದ ಹೊರಗೆ ತೊಟ್ಟಿಕ್ಕೋವರೆಗೂ ತುಂಬಿಸಿ ಪ್ಲಗ್ ಹಾಕಿದ್ರು. ಮೊದಲ ಇಪ್ಪತ್ತು ಕಿಲೋಮೀಟರ್ ಮೆಲ್ಲಗೆ ಹೋಗಿ, ಅರ್ಧ ಗಂಟೆ ನಿಲ್ಲಿಸಿ ತಣ್ಣಗಾಗೋಕೆ ಬಿಡಿ, ಸಾವಿರ ಕಿಲೋಮೀಟರ್ ಒಳಗೆ ಈ ಆಯಿಲ್ ಚೆಲ್ಲಿ ಹೊಸದು ಹಾಕಿ, ಮುಂದಿನ ತಿಂಗಳು ಅನ್ನಬೇಡಿ ಅಂದ್ರು. ಮುಂದಿನ ತಿಂಗಳ ಕಥೆ ಅವ್ರಿಗೆ ಮೇಷ್ಟ್ರೇ ಹೇಳಿರಬೇಕು.

ಕೊಟ್ಟಿಗೆಹಾರದ ದಾರೀಲಿ ಎಲ್ಲಾ ತಿರುವಲ್ಲೂ ಕಿವಿ ಹಿಂದಕ್ಕೇ. ಏನೂ ಇಲ್ಲ. ಮೇಷ್ಟ್ರು ಭಾಮೈದನ ಜಾಗದಲ್ಲಿ ಹಿಂದೆ ಕೂತು "ಇಲ್ಲ ಇಲ್ಲ" ಅಂತ ರಿಪೋರ್ಟ್ ಕೊಡ್ತಾ ಬಂದ. ನಾಲ್ಕು ಸಲ ನಿಲ್ಲಿಸಿ ಹೌಸಿಂಗ್ ಮುಟ್ಟಿ ನೋಡ್ದೆ, ಮಗೂಗೆ ಜ್ವರ ನೋಡ್ದಂಗೆ. ಬೆಚ್ಚಗಿತ್ತು, ಕೈ ಇಟ್ಕೊಳ್ಳೋ ಅಷ್ಟು. ಹಾಸನ ಮುಟ್ಟಿದಾಗ ಏಳೂವರೆ. ಹೆಂಡ್ತಿ "ಮಳೆ ನಿಂತಾ?" ಅಂತ ಒಂದೇ ಮಾತು ಕೇಳಿ ಒಳಗೆ ಹೋದ್ಲು.

ಅಮ್ಮ ಕೈ ಚಾಚಿದ್ರು. ಪೊಟ್ಟಣ ಕೊಟ್ಟೆ, ಅರ್ಧ ಖಾಲಿ, ಕಾಗದದ ಮೇಲೆ ಮೇಸ್ತ್ರಿ ಹೆಬ್ಬೆಟ್ಟಿನ ಗುರುತು ಗ್ರೀಸಲ್ಲಿ ಅಚ್ಚುಕಟ್ಟಾಗಿ ಮೂಡಿದೆ. ಮೂಸಿ ನೋಡಿ, "ಇದೇನೋ, ಹರಳೆಣ್ಣೆ ವಾಸನೆ, ಉಳಿದ ಕುಂಕುಮ ಎಲ್ಲೋ?" ಅಂದ್ರು.

"ಜೀಪಿನ ಹೌಸಿಂಗ್ ಒಳಗಿದೆ ಅಮ್ಮ."

ಅಮ್ಮ ಬಾಗ್ಲಲ್ಲಿ ನಿಂತಿದ್ದ ಜೀಪನ್ನ ಒಂದು ಕ್ಷಣ ನೋಡಿದ್ರು, ಆಮೇಲೆ ಉಳಿದಿದ್ದ ಕುಂಕುಮದಲ್ಲಿ ಒಂದು ಚಿಟಿಕೆ ತಗೊಂಡು ಹೋಗಿ ಹಿಂದಿನ ನಂಬರ್ ಪ್ಲೇಟ್ ಪಕ್ಕ ಇಟ್ಟು ಬಂದು, "ಕೈಕಾಲು ತೊಳ್ಕೊ, ಮುದ್ದೆ ಆರುತ್ತೆ" ಅಂದ್ರು.